ಒಂದು ಸೆಮಿಸ್ಟರ್, ಐದು ಕಿಲೋ ಬ್ಯಾಡಗಿ ಮೆಣಸಿನಕಾಯಿ: ಡಿಸೈನ್ ಪಿಎಚ್‌ಡಿ ಮಾಡುವವರಿಗೆ ಸಂಶೋಧನಾ ವಿಧಾನ ಕಲಿಸುವುದು ಹೇಗೆ

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡಿಸೈನ್ ವಿಷಯಕ್ಕೆ ಪಿಎಚ್‌ಡಿ ನೋಂದಾಯಿಸುವವರಲ್ಲಿ ಬಹಳ ಮಂದಿ ಯಂತ್ರ ಮಾಡಬಲ್ಲವರು. ಕ್ಯಾಡ್ ಬರುತ್ತದೆ, ಅನಾಲಿಸಿಸ್ ಸಾಫ್ಟ್‌ವೇರ್ ಬರುತ್ತದೆ, ಗೋಕುಲ ರೋಡಿನ ಯಾವ ವರ್ಕ್‌ಶಾಪಿನಲ್ಲಿ ಲೇಸರ್ ಕಟಿಂಗ್ ಬೇಗ ಆಗುತ್ತದೆ ಎಂಬುದೂ ಗೊತ್ತು. ತೊಡಕು ಶುರುವಾಗುವುದು ಅದರ ಮುಂದೆ. ಮಾಡಿದ ಯಂತ್ರದಿಂದ ಬೇರೆಯವರು ನಂಬಬಹುದಾದ ಯಾವ ಹೊಸ ಮಾತು ಹುಟ್ಟಿತು, ಅದಕ್ಕೆ ಆಧಾರ ಏನು ಎಂದು ಕೇಳಿದರೆ ಮತ್ತೆ ಯಂತ್ರದ ಫೋಟೋ ತೋರಿಸುತ್ತಾರೆ. ರಿಸರ್ಚ್ ಮೆಥಡಾಲಜಿ ಕೋರ್ಸ್ ಈ ಅಂತರವನ್ನು ತುಂಬಬೇಕು. ಟಿ-ಟೆಸ್ಟ್, ಅನೋವಾ (ಎರಡೂ ಗುಂಪುಗಳ ಸರಾಸರಿ ಹೋಲಿಸುವ ಲೆಕ್ಕಗಳು), ಪ್ಲೇಜಿಯರಿಸಂ (ಕೃತಿಚೌರ್ಯ) ಎಂದು ಅಧ್ಯಾಯ ಮುಗಿಸುತ್ತ ಹೋದರೆ ತುಂಬುವುದಿಲ್ಲ.

ಯುಜಿಸಿಯ 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಇರಬೇಕು. ಸಂಶೋಧನಾ ವಿಧಾನದ ಕೋರ್ಸ್ ಹಾಗೂ ಸಂಶೋಧನೆ-ಪ್ರಕಟಣೆಯ ನೈತಿಕತೆಯ ಕೋರ್ಸ್ ಎರಡೂ ಅದರೊಳಗೇ ಬರುತ್ತವೆ. ಸಿಲಬಸ್ ನಿಮ್ಮ ವಿಶ್ವವಿದ್ಯಾಲಯದ್ದೇ ಇರಲಿ. ವಾರಕ್ಕೆ ಮೂರು ತಾಸಿನ ಒಂದು ತರಗತಿ, 14 ವಾರ, ಎಂಟರಿಂದ ಹತ್ತು ಸಂಶೋಧನಾರ್ಥಿಗಳು ಎಂದಿಟ್ಟುಕೊಂಡು ಈ ಕೆಳಗಿನ ಕ್ರಮವನ್ನು ಅದರೊಳಗೆ ಕೂಡಿಸಬಹುದು. ಗದಗ, ಹಾವೇರಿ ಕಡೆಯ ಕಾಲೇಜುಗಳಲ್ಲಿ ಪಾಠ ಮಾಡುತ್ತ ಪಾರ್ಟ್-ಟೈಮ್ ಪಿಎಚ್‌ಡಿ ಮಾಡುವವರು ಇದ್ದೇ ಇರುತ್ತಾರೆ. ತರಗತಿ ಶನಿವಾರ ಇಡಿ, ಮನೆಗೆಲಸ ವಾರಕ್ಕೆ ನಾಲ್ಕು ತಾಸು ಮೀರದಿರಲಿ. ಮೀರಿದರೆ ಮೂರನೇ ವಾರದಿಂದ ಯಾರದ್ದೋ ಹಳೆಯ ಅಸೈನ್‌ಮೆಂಟ್ ಹೆಸರು ಬದಲಿಸಿಕೊಂಡು ಬರುತ್ತದೆ.

ಎಲ್ಲರಿಗೂ ಸಮಾನವಾದ ಒಂದು ಸಮಸ್ಯೆ ಆರಿಸಿಕೊಳ್ಳಿ. ಪ್ರತಿ ವಿಧಾನವನ್ನೂ ಮೊದಲು ಅದರ ಮೇಲೆ ತರಗತಿಯಲ್ಲಿ ಮಾಡಬೇಕು, ಆಮೇಲೆ ಸ್ವಂತ ವಿಷಯದ ಮೇಲೆ ಮನೆಯಲ್ಲಿ. ನಮ್ಮ ಭಾಗಕ್ಕೆ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಚೆನ್ನಾಗಿ ಒಗ್ಗುತ್ತದೆ. ಸಮಸ್ಯೆ ಕಣ್ಣೆದುರಿಗಿದೆ, ಹೆಂಗಸರು ಕೈಯಲ್ಲೇ ಮಾಡುವ ಕೆಲಸ, ಯಂತ್ರದ ಪ್ರಯತ್ನಗಳೂ ಆಗಿವೆ, ಮತ್ತು ಕಚ್ಚಾ ಮಾಲು ಸಂತೆಯಲ್ಲೇ ಸಿಗುತ್ತದೆ.

ತರಬೇಕಾದ ಸಾಮಾನು ಹೆಚ್ಚೇನಿಲ್ಲ. ಒಣಮೆಣಸಿನಕಾಯಿ ಐದು ಕಿಲೋ, ಉದ್ದನೆಯ ಕಡ್ಡಿ ತಳಿ ಅರ್ಧ, ಗಿಡ್ಡ-ದಪ್ಪನೆಯ ಡಬ್ಬಿ ತಳಿ ಅರ್ಧ. ಒಂದು ಗ್ರಾಂ ತೋರಿಸುವ ತಕ್ಕಡಿ, ಎಲ್ಲರಿಗೂ ಮಾಸ್ಕ್ ಮತ್ತು ಕೈಗವಸು (ಇವನ್ನು ಮರೆತರೆ ಅರ್ಧ ತಾಸಿನಲ್ಲಿ ತರಗತಿ ಕೆಮ್ಮುತ್ತ ಹೊರಗೆ ನಿಲ್ಲುತ್ತದೆ), ಟ್ರೈಪಾಡ್ ಮೇಲೆ ಎರಡು ಮೊಬೈಲ್, ಒಂದು ಕಾಲರ್ ಮೈಕ್, ದೊಡ್ಡ ಬ್ರೌನ್ ಶೀಟ್, ಮೂರು ಬಣ್ಣದ ಸ್ಟಿಕಿ ನೋಟ್. ಸ್ಪ್ರೆಡ್‌ಶೀಟ್ ಸಾಕು, ಸಂಖ್ಯಾಶಾಸ್ತ್ರದ ಪ್ಯಾಕೇಜ್ ಹತ್ತನೇ ವಾರದವರೆಗೆ ತೆರೆಯಲೇ ಬೇಡಿ.

ಮೊದಲ ವಾರ: ಒಂದು ವಾಕ್ಯ

"ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರದ ವಿನ್ಯಾಸ ಮತ್ತು ತಯಾರಿಕೆ" ಎಂಬುದು ಬಿಇ ಕೊನೆಯ ವರ್ಷದ ಪ್ರಾಜೆಕ್ಟಿನ ಹೆಸರು. ಇದನ್ನು ಹಲಗೆಯ ಮೇಲೆ ಬರೆದು, ಇದರಿಂದ ಮೂರು ಬಗೆಯ ಸಂಶೋಧನಾ ಪ್ರಶ್ನೆ ಹೊರಡಿಸಲು ಹೇಳಿ. ಮೊದಲನೆಯದು ವಸ್ತುವಿನ ಬಗ್ಗೆ: ತೊಟ್ಟು ಮುರಿಯಲು ಬೇಕಾದ ಬಲ ಕಾಯಿಯ ತೇವಾಂಶದ ಜೊತೆ ಹೇಗೆ ಬದಲಾಗುತ್ತದೆ? ಎರಡನೆಯದು ವಿನ್ಯಾಸ ಮಾಡುವ ರೀತಿಯ ಬಗ್ಗೆ: ಕೃಷಿ ಉಪಕರಣ ಮಾಡುವವರು ಬಳಕೆದಾರರ ಯಾವ ಅಗತ್ಯಗಳನ್ನು ಯಾವ ಹಂತದಲ್ಲಿ ಕೈಬಿಡುತ್ತಾರೆ? ಮೂರನೆಯದು ವಿನ್ಯಾಸಕಾರರಿಗೆ ಕೊಡುವ ನೆರವಿನ ಬಗ್ಗೆ: ಇಂಥ ಒಂದು ಚೆಕ್‌ಲಿಸ್ಟ್ ಕೊಟ್ಟರೆ ಬಿಟ್ಟುಹೋಗುವ ಅಗತ್ಯಗಳ ಸಂಖ್ಯೆ ಇಳಿಯುತ್ತದೆಯೇ? ಮೂರಕ್ಕೂ ಬೇರೆ ಬೇರೆ ಪುರಾವೆ ಬೇಕು, ಬೇರೆ ವಿಧಾನ ಬೇಕು. ಇಲ್ಲಿ ಗೊಂದಲ ಉಳಿದರೆ ಕೊನೆಯವರೆಗೂ ಉಳಿಯುತ್ತದೆ.

ಇಷ್ಟಾದ ಮೇಲೆ ಪ್ರತಿಯೊಬ್ಬರೂ ತಮ್ಮ ವಿಷಯಕ್ಕೆ ಒಂದೇ ಒಂದು ಪ್ರತಿಪಾದನೆಯ ವಾಕ್ಯ ಬರೆಯಬೇಕು. ನಲವತ್ತು ನಿಮಿಷ ಕೊಡಿ. ಬರೆದದ್ದನ್ನು ಪಕ್ಕದವರು ಎರಡು ಪ್ರಶ್ನೆಗಳಿಂದ ತಿವಿಯಲಿ: ಇದು ಸುಳ್ಳು ಎಂದು ತೋರಿಸುವ ಫಲಿತಾಂಶ ಯಾವುದು? ಉತ್ತರ "ಇಲ್ಲ" ಎಂದು ಬಂದರೂ ಓದುಗನಿಗೆ ಏನಾದರೂ ಸಿಗುತ್ತದೆಯೇ? "ಸುಧಾರಿತ", "ಆಪ್ಟಿಮೈಸ್ಡ್", "ನವೀನ" ಎಂಬ ಪದಗಳನ್ನು ಹೊಡೆದುಹಾಕಿ ಓದಿದಾಗ ಎಷ್ಟೋ ವಾಕ್ಯಗಳಲ್ಲಿ ಏನೂ ಉಳಿಯುವುದಿಲ್ಲ. ಅದು ಮೊದಲ ವಾರವೇ ಗೊತ್ತಾಗುವುದು ಒಳ್ಳೆಯದು. ಈ ವಾಕ್ಯವನ್ನು ಪ್ರತಿ ವಾರ ತಿದ್ದಿ, ತಾರೀಕು ಹಾಕಿ, ಹಳೆಯದನ್ನು ಅಳಿಸದೆ ಫೈಲಿನಲ್ಲಿ ಇಡಬೇಕು.

ಎರಡರಿಂದ ನಾಲ್ಕನೇ ವಾರ: ಕಾರಣಗಳ ನಕ್ಷೆ

ಇಡೀ ಕೋರ್ಸಿನಲ್ಲಿ ಒಂದೇ ಒಂದು ವಿಷಯ ಕಲಿಸಲು ಬಿಟ್ಟರೆ ಇದನ್ನೇ ಕಲಿಸಬೇಕು. ಲೂಸಿಯೆನ್ ಬ್ಲೆಸ್ಸಿಂಗ್ ಮತ್ತು ಬೆಂಗಳೂರಿನ ಐಐಎಸ್‌ಸಿಯ ಅಮರೇಶ ಚಕ್ರಬರ್ತಿ ಇಬ್ಬರೂ ಸೇರಿ ರೂಪಿಸಿ 2009ರಲ್ಲಿ ಪುಸ್ತಕವಾಗಿ ತಂದ ಡಿಆರ್‌ಎಂ (ಡಿಸೈನ್ ರಿಸರ್ಚ್ ಮೆಥಡಾಲಜಿ) ಎಂಬ ವಿಧಾನದಲ್ಲಿ ನಾಲ್ಕು ಹಂತಗಳಿವೆ: ಸಂಶೋಧನೆಯ ಗುರಿ ಸ್ಪಷ್ಟಪಡಿಸುವುದು, ಈಗಿನ ಸ್ಥಿತಿಯ ಮೊದಲ ವಿವರಣಾತ್ಮಕ ಅಧ್ಯಯನ, ನೆರವು ರೂಪಿಸುವ ಹಂತ, ಆ ನೆರವಿನಿಂದ ಏನಾಯಿತೆಂದು ನೋಡುವ ಎರಡನೇ ವಿವರಣಾತ್ಮಕ ಅಧ್ಯಯನ. ನಮ್ಮಲ್ಲಿಯ ಹೆಚ್ಚಿನ ಮಹಾಪ್ರಬಂಧಗಳು ಮೂರನೆಯದರಲ್ಲಿ ಹುಟ್ಟಿ ಮೂರನೆಯದರಲ್ಲೇ ಮುಗಿಯುತ್ತವೆ. ಒಬ್ಬರೇ ನಾಲ್ಕನ್ನೂ ಆಳವಾಗಿ ಮಾಡಬೇಕೆಂದಿಲ್ಲ. ಯಾವುದನ್ನು ಆಳವಾಗಿ, ಯಾವುದನ್ನು ಬರೀ ಓದಿನಿಂದ ಮಾಡಿದೆವು ಎಂದು ಹೇಳಿದರೆ ಸಾಕು.

ಯಾವುದು ಯಾವುದಕ್ಕೆ ಕಾರಣ ಎಂದು ತೋರಿಸುವ ನಕ್ಷೆ ಈ ವಿಧಾನದ್ದೇ ಸಾಧನ. ಅದನ್ನು ಬರೆಯುವ ಕ್ರಮ ಹೀಗೆ. ಬ್ರೌನ್ ಶೀಟ್ ಗೋಡೆಗೆ ಅಂಟಿಸಿ. ಪ್ರತಿ ಸ್ಟಿಕಿ ನೋಟಿನ ಮೇಲೆ ಏರುವ, ಇಳಿಯುವ ಒಂದು ಪ್ರಮಾಣವನ್ನು ಬರೆಯಬೇಕು. "ಗುಣಮಟ್ಟ" ಎಂದು ಬರೆಯುವಂತಿಲ್ಲ, "ನೂರರಲ್ಲಿ ಒಡೆದ ಕಾಯಿಗಳ ಸಂಖ್ಯೆ" ಎಂದು ಬರೆಯಬೇಕು. ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು ಎರಡೂ ತುದಿಗೆ ಅಧಿಕ (+) ಅಥವಾ ಋಣ (−) ಚಿಹ್ನೆ ಹಾಕಿ. ಕೊನೆಗೆ ಪ್ರತಿ ಬಾಣದ ಮೇಲೂ ಅದರ ಆಧಾರ: ಓದಿದ ಲೇಖನವಾದರೆ ಅದರ ಸಂಖ್ಯೆ, ತಾವೇ ಅಳೆದಿದ್ದರೆ "ಸ್ವಂತ", ಅನುಭವದ ಮಾತಾದರೆ "ಅ", ಬರೀ ಊಹೆಯಾದರೆ "ಊ", ಗೊತ್ತೇ ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಹದಿನೈದರಿಂದ ಇಪ್ಪತ್ತು ನೋಟು ಸಾಕು. ಮೂವತ್ತು ದಾಟಿದರೆ ಯಾರೂ ಓದುವುದಿಲ್ಲ.

ಮೆಣಸಿನಕಾಯಿಯ ನಕ್ಷೆಯಲ್ಲಿ ಕಾಯಿಯ ತೇವಾಂಶ ಇಳಿದರೆ ಒಡೆಯುವ ಕಾಯಿ ಹೆಚ್ಚುತ್ತವೆ, ಬೀಜ ಉದುರುತ್ತದೆ, ಸಿಗುವ ಬೆಲೆ ಇಳಿಯುತ್ತದೆ. ತೇವಾಂಶ ಏರಿದರೆ ತೊಟ್ಟು ಲಟಕ್ಕನೆ ಮುರಿಯದೆ ಬಾಗುತ್ತದೆ, ಯಂತ್ರದಲ್ಲಿ ಬಿಡಿಸದೇ ಉಳಿದ ಕಾಯಿ ಹೆಚ್ಚುತ್ತವೆ. ಇವನ್ನು ತರಗತಿಯಲ್ಲೇ ಪರೀಕ್ಷಿಸಬಹುದು: ಅರ್ಧ ಕಾಯಿಯನ್ನು ಬಿಸಿಲಿಗಿಟ್ಟು, ಅರ್ಧವನ್ನು ಹಸಿಬಟ್ಟೆ ಹಾಕಿ ಮುಚ್ಚಿದ ಪಾತ್ರೆಯಲ್ಲಿ ರಾತ್ರಿಯಿಟ್ಟು, ಮರುದಿನ ಎರಡರಿಂದಲೂ ನೂರು ನೂರು ಕಾಯಿಯ ತೊಟ್ಟು ಬಿಡಿಸಿ ಒಡೆದದ್ದನ್ನು ಎಣಿಸಿ. ಆಗ ಆ ಬಾಣದ ಮೇಲಿನ "ಊ" ಹೋಗಿ "ಸ್ವಂತ" ಬರುತ್ತದೆ. ಊಹೆ ಪುರಾವೆಯಾಗುವುದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಮುಂದಿನ ಪಾಠ ಹಗುರ. ಕಡ್ಡಿ, ಡಬ್ಬಿ ಬೆರೆಸಿ ಎಣಿಸುವ ಗುಂಪು ಒಂದಾದರೂ ಇರುತ್ತದೆ, ಬಿಡಿ, ತಡೆಯಬೇಡಿ. ವ್ಯತ್ಯಾಸ ಬಂದದ್ದು ತೇವದಿಂದಲೋ ತಳಿಯಿಂದಲೋ ಎಂದು ಆಮೇಲೆ ಕೇಳಿದಾಗ, ಬೆರಕೆ ಚರಾಂಶ (ಕನ್ಫೌಂಡಿಂಗ್ ವೇರಿಯಬಲ್) ಎಂದರೇನು ಎಂದು ಬೇರೆ ಪಾಠ ಮಾಡಬೇಕಾಗುವುದಿಲ್ಲ.

ನಕ್ಷೆಯ ತುದಿಯಲ್ಲಿ ಯಶಸ್ಸಿನ ಅಳತೆ ಇರಬೇಕು. ಯಾರ ಯಶಸ್ಸು ಎಂದು ಇಲ್ಲಿ ಒತ್ತಿ ಕೇಳಿ. ಕಿಲೋ ಲೆಕ್ಕದ ಕೂಲಿ ಇರುವಲ್ಲಿ ಯಂತ್ರದ ವೇಗ ಏರಿದರೆ ವ್ಯಾಪಾರಿಯ ಖರ್ಚು ಇಳಿಯುತ್ತದೆ, ಬಿಡಿಸುವವಳ ದಿನದ ಗಳಿಕೆಯೂ ಇಳಿಯಬಹುದು. ಆ ಎರಡನೇ ನೋಟನ್ನು ಯಾರೂ ತಾವಾಗಿ ಅಂಟಿಸುವುದಿಲ್ಲ. ನೀವೇ ಕೇಳಿ ಅಂಟಿಸಬೇಕು. ಜೊತೆಗೆ, ಮಾರುಕಟ್ಟೆಯ ಯಶಸ್ಸನ್ನು ಮೂರು ವರ್ಷದ ಪಿಎಚ್‌ಡಿಯಲ್ಲಿ ಅಳೆಯಲಾಗದು. ಆದ್ದರಿಂದ ನಕ್ಷೆಯಲ್ಲಿ ಅದಕ್ಕಿಂತ ಕೆಳಗಿರುವ, ಅದಕ್ಕೆ ಗಟ್ಟಿ ಬಾಣಗಳಿಂದ ಜೋಡಿಸಿದ, ಅಳೆಯಬಹುದಾದ ಒಂದು ನೋಟನ್ನು ಗುರುತಿಸಿ ಸುತ್ತು ಹಾಕಬೇಕು. ಮಹಾಪ್ರಬಂಧ ನಿಲ್ಲುವುದು ಅದರ ಮೇಲೆ.

ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ನಕ್ಷೆಯ ಬದಲು ಫ್ಲೋಚಾರ್ಟ್ ಬರುತ್ತದೆ, ಬಾಣಕ್ಕೆ "ಆಮೇಲೆ" ಎಂಬ ಅರ್ಥ ಬಂದುಬಿಡುತ್ತದೆ. ಪ್ರತಿ ಬಾಣವನ್ನೂ "ಇದು ಹೆಚ್ಚಾದರೆ ಅದು ಹೆಚ್ಚಾಗುತ್ತದೆ" ಅಥವಾ "ಕಡಿಮೆಯಾಗುತ್ತದೆ" ಎಂದು ಗಟ್ಟಿಯಾಗಿ ಓದಿಸಿ. ಓದಲು ಬಾರದ ಬಾಣ ಕಿತ್ತುಹಾಕಿ.

ಸಾಹಿತ್ಯ ಸಮೀಕ್ಷೆಗೆ ಬೇರೆ ವಾರ ಬೇಕಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಬಾಣಗಳೇ ಹುಡುಕಬೇಕಾದ ಪದಗಳನ್ನು ಕೊಡುತ್ತವೆ. ಮೂರು ಒಳ್ಳೆಯ ಲೇಖನ ಹಿಡಿದು, ಅವು ಉಲ್ಲೇಖಿಸಿದವು ಹಿಂದಕ್ಕೆ, ಅವನ್ನು ಉಲ್ಲೇಖಿಸಿದವು ಮುಂದಕ್ಕೆ ಹೋಗಿ ಇಪ್ಪತ್ತು ಆರಿಸಲಿ. ಸ್ಪ್ರೆಡ್‌ಶೀಟಿನಲ್ಲಿ ಆರು ಕಾಲಂ: ಪ್ರತಿಪಾದನೆ, ಭಾಗವಹಿಸಿದವರು ಯಾರು, ಎಷ್ಟು ಮಂದಿ, ಏನು ಅಳೆದರು, ಹೇಗೆ ವಿಶ್ಲೇಷಿಸಿದರು, ನನ್ನ ಯಾವ ಬಾಣಕ್ಕೆ ಸಲ್ಲುತ್ತದೆ. ಕೊನೆಯ ಕಾಲಂ ಖಾಲಿ ಉಳಿದ ಲೇಖನ ಪ್ರಬಂಧದಲ್ಲೂ ಬೇಡ.

ಐದು ಮತ್ತು ಆರು: ಹೋಗಿ ನೋಡುವುದು

ಬ್ಯಾಡಗಿಗೆ ಹೋಗುವುದಾದರೆ ಸುಗ್ಗಿಯ ತಿಂಗಳಲ್ಲಿ ಹೋಗಿ, ಆದರೆ ಟೆಂಡರ್ ನಡೆಯುವ ದಿನ ಬೇಡ. ಆ ದಿನ ಯಾರಿಗೂ ನಿಮ್ಮೊಡನೆ ಮಾತಾಡಲು ಪುರಸೊತ್ತಿರುವುದಿಲ್ಲ. ಅಂಗಡಿಯ ಮಾಲೀಕರ ಒಪ್ಪಿಗೆ ಮೊದಲೇ ಪಡೆಯಿರಿ, ಕೆಲಸ ಮಾಡುವವರ ಒಪ್ಪಿಗೆ ಪ್ರತ್ಯೇಕವಾಗಿ ಪಡೆಯಿರಿ. ಮಾಲೀಕ ಹೂಂ ಅಂದದ್ದು ಅವರ ಒಪ್ಪಿಗೆ ಆಗುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಅರ್ಧ ಪುಟದಲ್ಲಿ ಇರಲಿ. ಓದಲು ಬಾರದವರಿಗೆ ಓದಿ ಹೇಳಿ. ಮುಖ ಬಾರದಂತೆ ಕೈ ಮಾತ್ರ ಚಿತ್ರೀಕರಿಸಿದರೆ ಅರ್ಧ ಅಂಜಿಕೆ ಹೋಗುತ್ತದೆ.

ಇಬ್ಬಿಬ್ಬರು ಜೋಡಿಯಾಗಿ, ಒಬ್ಬರ ಟಿಪ್ಪಣಿ ಇನ್ನೊಬ್ಬರು ನೋಡದೆ, ಒಬ್ಬ ಕೆಲಸಗಾರ್ತಿಯನ್ನು ಹದಿನೈದು ನಿಮಿಷ ಸುಮ್ಮನೆ ಗಮನಿಸಬೇಕು. ಟಿಪ್ಪಣಿಯ ಪುಟವನ್ನು ಉದ್ದಕ್ಕೆ ಎರಡು ಪಾಲು ಮಾಡಿ: ಎಡಗಡೆ ಕಂಡದ್ದು, ಬಲಗಡೆ ಅನಿಸಿದ್ದು. "ದಣಿದಿದ್ದಾಳೆ" ಎಂಬುದು ಬಲಕ್ಕೆ. "ಎಂಟನೇ ನಿಮಿಷದಲ್ಲಿ ಕೈ ಕೊಡವಿ, ಎಡಗೈಗೆ ಕೆಲಸ ಬದಲಿಸಿದಳು" ಎಂಬುದು ಎಡಕ್ಕೆ. ಆಮೇಲೆ ಪ್ರಶ್ನೆ. "ಮಷಿನ್ ಬಂದ್ರ ಚಲೋ ಆಗ್ತದಲ್ರೀ?" ಎಂದು ಕೇಳಿದರೆ "ಹೂಂ ರೀ, ಚಲೋ ಆಗ್ತದ" ಎಂಬ ಉತ್ತರವೇ ಬರುತ್ತದೆ. ಅದು ಮರ್ಯಾದೆ, ದತ್ತಾಂಶ ಅಲ್ಲ. ಅದರ ಬದಲು ನಡೆದುಹೋದದ್ದನ್ನು ಕೇಳಿಸಿ: "ನಿನ್ನೆ ಮನಿಗೆ ಹೋದಮ್ಯಾಲೆ ಕೈಗೆ ಏನ್ ಹಚ್ಚಿಗೊಂಡ್ರಿ?" ಕೊನೆಗೆ ಸಂಶೋಧನಾರ್ಥಿ ತಾನೇ ಕೂತು ಒಂದು ಕಿಲೋ ಬಿಡಿಸಬೇಕು. ಹೆಬ್ಬೆರಳಿನ ಉರಿ ಹೇಳುವುದನ್ನು ಯಾವ ಪ್ರಶ್ನಾವಳಿಯೂ ಹೇಳುವುದಿಲ್ಲ.

ಸಂದರ್ಶನವನ್ನು ಅವರು ಆಡಿದ ಮಾತಿನಲ್ಲೇ ಬರೆದಿಡಿ, ಸಂಕೇತ ಹಾಕುವುದನ್ನೂ (ಪ್ರತಿ ಮಾತು ಯಾವ ಬಗೆಯದೆಂದು ಗುರುತು ಹಾಕುವುದು) ಅದರ ಮೇಲೇ ಮಾಡಿ. ಪ್ರಬಂಧಕ್ಕೆ ಹೋಗುವ ಸಾಲುಗಳನ್ನಷ್ಟೇ ಕೊನೆಗೆ ಇಂಗ್ಲಿಷಿಗೆ ತಂದರೆ ಸಾಕು.

ಏಳರಿಂದ ಒಂಬತ್ತು: ವಿನ್ಯಾಸ ಮಾಡುವವರ ಮಾತು

ಏಳನೇ ವಾರ ಗೈಡ್‌ಗಳನ್ನು ಒಂದು ತಾಸು ಕರೆಯಿರಿ, ನಕ್ಷೆಯ ಮುಂದೆ ನಿಲ್ಲಿಸಿ. ಅವರು ಒಪ್ಪದ ನಕ್ಷೆ ಸೆಮಿಸ್ಟರ್ ಮುಗಿದ ಮರುದಿನವೇ ಕಪಾಟು ಸೇರುತ್ತದೆ.

ಆಮೇಲೆ ಪ್ರೊಟೊಕಾಲ್ ಅಧ್ಯಯನ. ಒಬ್ಬರು ವಿನ್ಯಾಸ ಮಾಡುತ್ತಾರೆ, ಮಾಡುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ, ಉಳಿದವರು ದಾಖಲಿಸುತ್ತಾರೆ. ಮೂವತ್ತು ನಿಮಿಷ ಸಾಕು. ಮೊದಲು ಐದು ನಿಮಿಷ ಅಭ್ಯಾಸ: "ನಿಮ್ಮ ಮನೆಯಲ್ಲಿ ಎಷ್ಟು ಕಿಟಕಿ ಇವೆ, ಎಣಿಸುತ್ತ ಮಾತಾಡಿ." ನಡುವೆ ಹತ್ತು-ಹದಿನೈದು ಸೆಕೆಂಡು ಮೌನವಾದರೆ "ಮಾತಾಡ್ತಾ ಇರ್ರಿ" ಎಂದಷ್ಟೇ ಹೇಳಬೇಕು. "ಯಾಕೆ ಹಾಗೆ ಮಾಡಿದಿರಿ" ಎಂದು ಕೇಳಿದ ಕೂಡಲೇ ಅವರು ಯೋಚಿಸುವುದು ಬಿಟ್ಟು ಸಮರ್ಥನೆ ಕೊಡಲು ಶುರುಮಾಡುತ್ತಾರೆ, ದಾಖಲೆ ಅಲ್ಲಿಂದ ಮುಂದೆ ಕೆಟ್ಟಂತೆ. ಕನ್ನಡ-ಇಂಗ್ಲಿಷ್ ಬೆರಸಿ ಮಾತಾಡಲು ಬಿಡಿ. ಬರೀ ಇಂಗ್ಲಿಷ್ ಎಂದರೆ ಮಾತು ಅರ್ಧಕ್ಕಿಳಿಯುತ್ತದೆ. ಒಂದು ಮೊಬೈಲ್ ಹಾಳೆಯ ಮೇಲೆ, ಇನ್ನೊಂದು ವ್ಯಕ್ತಿಯ ಮೇಲೆ. ಫ್ಯಾನಿನ ಸದ್ದು ಮೈಕಿಗೆ ಸಿಗದಂತೆ ಕೂರಿಸಿ.

ಮೂವತ್ತು ನಿಮಿಷದ ಮಾತು ಬರಹಕ್ಕಿಳಿಸಲು ಮೂರ್ನಾಲ್ಕು ತಾಸು ಹಿಡಿಯುತ್ತದೆ ಎಂದು ಮೊದಲೇ ಹೇಳಿಬಿಡಿ. ಬರಹವನ್ನು ಒಂದೊಂದು ವಿಚಾರಕ್ಕೆ ಒಂದು ತುಣುಕಾಗಿ ಒಡೆಯಬೇಕು, ಪ್ರತಿ ತುಣುಕಿಗೂ ಸಂಕೇತ ಹಾಕಬೇಕು. 1990ರಲ್ಲಿ ಜಾನ್ ಗೆರೊ ಮುಂದಿಟ್ಟ ಕಾರ್ಯ-ವರ್ತನೆ-ರಚನೆ ಎಂಬ ಚೌಕಟ್ಟು ಒಳ್ಳೆಯ ಆರಂಭ: ಇದು ಏನು ಮಾಡಬೇಕು, ಹೇಗೆ ವರ್ತಿಸುತ್ತದೆ, ಯಾವುದರಿಂದ ಆಗಿದೆ. "ರೋಲರ್ ರಬ್ಬರಿನದಾದರೆ ಕಾಯಿ ಒಡೆಯಲಿಕ್ಕಿಲ್ಲ" ಎಂಬ ಮಾತು ರಚನೆಯೋ ವರ್ತನೆಯೋ? ಜಗಳ ಇಲ್ಲಿಯೇ ಹತ್ತುತ್ತದೆ, ಹತ್ತಬೇಕು. ಅದು ಎರಡು ತುಣುಕು ಎಂಬ ತೀರ್ಮಾನಕ್ಕೆ ಬಂದರೆ ತುಣುಕು ಒಡೆಯುವ ನಿಯಮವನ್ನು ಕೋಡ್‌ಬುಕ್ಕಿನಲ್ಲಿ (ಸಂಕೇತ ಹಾಕುವ ನಿಯಮಗಳ ಪುಸ್ತಕ) ಉದಾಹರಣೆ ಸಮೇತ ಬರೆಯಿರಿ.

ಇಬ್ಬರು ಬೇರೆ ಬೇರೆಯಾಗಿ ಸಂಕೇತ ಹಾಕಿದ ಮೇಲೆ ಒಪ್ಪಂದದ ಲೆಕ್ಕ. 100 ತುಣುಕುಗಳಲ್ಲಿ ಇಬ್ಬರೂ "ರಚನೆ" ಎಂದದ್ದು 40, ಇಬ್ಬರೂ "ರಚನೆ ಅಲ್ಲ" ಎಂದದ್ದು 35, ಮೊದಲನೆಯವರು ಮಾತ್ರ "ರಚನೆ" ಎಂದದ್ದು 10, ಎರಡನೆಯವರು ಮಾತ್ರ ಎಂದದ್ದು 15 ಎಂದಿಟ್ಟುಕೊಳ್ಳಿ. ಒಪ್ಪಂದ ಶೇ. 75. ಕೇಳಲು ಚೆನ್ನಾಗಿದೆ. ಆದರೆ ಮೊದಲನೆಯವರು ಒಟ್ಟು 50ಕ್ಕೆ, ಎರಡನೆಯವರು 55ಕ್ಕೆ "ರಚನೆ" ಎಂದಿದ್ದಾರೆ. ಕಣ್ಣುಮುಚ್ಚಿ ಹಾಕಿದ್ದರೂ ಆಗುತ್ತಿದ್ದ ಒಪ್ಪಂದ 0.50 × 0.55 + 0.50 × 0.45, ಅಂದರೆ 0.50. ಆ ಪಾಲನ್ನು ಕಳೆದು ಒಪ್ಪಂದ ಅಳೆಯುವ ಕೋಹೆನ್ ಕಪ್ಪಾ (0.75 − 0.50) ÷ (1 − 0.50) = 0.50. ಸಾಮಾನ್ಯವಾಗಿ 0.61ರ ಮೇಲಿದ್ದರೆ ಗಣನೀಯ ಒಪ್ಪಂದ ಎನ್ನುತ್ತಾರೆ, ಇದು ಸಾಲದು. ಆಗ ಕೋಡ್‌ಬುಕ್ ತಿದ್ದಿ, ಹೊಸ 50 ತುಣುಕುಗಳ ಮೇಲೆ ಮತ್ತೆ ಹಾಕಬೇಕು. ಚರ್ಚೆ ಮಾಡಿದ ಅದೇ ತುಣುಕುಗಳ ಮೇಲೆ ಮತ್ತೆ ಹಾಕಿ 0.9 ಬಂತೆಂದು ಬರೆಯುವವರಿದ್ದಾರೆ. ಅಲ್ಲಿ ಅಳೆದದ್ದು ನೆನಪಿನ ಶಕ್ತಿ.

ಹತ್ತರಿಂದ ಹನ್ನೆರಡು: ಪ್ರಯೋಗ, ಮತ್ತು ಸಣ್ಣ ಗುಂಪಿನ ತಾಪತ್ರಯ

1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ತೋರಿಸಿದ ಒಂದು ಸಂಗತಿ ತರಗತಿಯಲ್ಲಿ ಮರುಮಾಡಲು ಸುಲಭ: ಮಾದರಿ ಚಿತ್ರ ನೋಡಿದ ವಿನ್ಯಾಸಕಾರರು ಅದರ ದೋಷಗಳನ್ನೂ ಸೇರಿಸಿ ಅದಕ್ಕೇ ಅಂಟಿಕೊಳ್ಳುತ್ತಾರೆ. ಅರ್ಧ ಮಂದಿಗೆ ತೊಟ್ಟು ಬಿಡಿಸುವ ಉಪಕರಣದ ಬರೀ ಬೇಡಿಕೆ ಪಟ್ಟಿ, ಅರ್ಧ ಮಂದಿಗೆ ಪಟ್ಟಿಯ ಜೊತೆ ಬೇಕೆಂದೇ ಎರಡು ದೋಷ ಇಟ್ಟ ಒಂದು ಚಿತ್ರ ಕೊಡಿ. ನಲವತ್ತೈದು ನಿಮಿಷದಲ್ಲಿ ಆದಷ್ಟು ಐಡಿಯಾ ಬರೆಯಲಿ. ಹಾಳೆಗಳ ಮೇಲೆ ಹೆಸರಿಲ್ಲದೆ ಸಂಖ್ಯೆ ಹಾಕಿ, ಯಾವುದು ಯಾವ ಗುಂಪಿನದೆಂದು ಗೊತ್ತಿಲ್ಲದ ಇಬ್ಬರಿಂದ ದೋಷಗಳನ್ನು ಎಣಿಸಿ.

ಗುಂಪು ಮಾಡುವಾಗ ಚೀಟಿ ಎತ್ತಿಸಿ. ಬಿಇ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡುವವರು ಎ ಸೆಕ್ಷನ್ನಿಗೆ ಹೊಸ ವಿಧಾನ, ಬಿ ಸೆಕ್ಷನ್ನಿಗೆ ಹಳೆಯದು ಎಂದು ಹಂಚುತ್ತಾರೆ. ಬಂದ ವ್ಯತ್ಯಾಸ ವಿಧಾನದ್ದೋ, ಸೆಕ್ಷನ್ನಿನದ್ದೋ, ಊಟದ ನಂತರದ ಪೀರಿಯಡ್ಡಿನದ್ದೋ ಆಮೇಲೆ ಬಿಡಿಸಲಾಗದು. ಹೊಸ ವಿಧಾನದ ಗುಂಪಿಗೆ ಒಂದು ತಾಸು ತರಬೇತಿ ಕೊಟ್ಟರೆ ಇನ್ನೊಂದು ಗುಂಪಿಗೂ ಅಷ್ಟೇ ಹೊತ್ತು ಬೇರೆ ಏನಾದರೂ ಕಲಿಸಬೇಕು. ಮತ್ತು ತನ್ನ ಇಂಟರ್ನಲ್ ಮಾರ್ಕ್ಸ್ ಹಾಕುವ ಮೇಷ್ಟ್ರೇ ಕೇಳಿದಾಗ ಯಾವ ವಿದ್ಯಾರ್ಥಿಯೂ "ನಿಮ್ಮ ವಿಧಾನ ಕಷ್ಟವಾಯಿತು" ಎನ್ನುವುದಿಲ್ಲ. ಪ್ರಶ್ನಾವಳಿಯನ್ನು ಬೇರೆಯವರಿಂದ ಕೊಡಿಸಿ.

ಸಂಖ್ಯೆಗಳ ಬಗ್ಗೆ ಮೂರು ಲೆಕ್ಕ ಹಲಗೆಯ ಮೇಲೆ ಮಾಡಿ ತೋರಿಸಿ. ಮೂವರು ಎದುರು ಮೂವರು ಎಂದಾದರೆ ಆರು ಜನರನ್ನು ಶ್ರೇಯಾಂಕದಲ್ಲಿ ಹಂಚುವ ಬಗೆ 20 ಮಾತ್ರ. ಒಂದು ಗುಂಪು ಪೂರ್ತಿ ಗೆದ್ದರೂ ಮ್ಯಾನ್-ವಿಟ್ನಿ ಪರೀಕ್ಷೆಯ ಎರಡು ಬದಿಯ ಪಿ ಮೌಲ್ಯ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) 2/20, ಅಂದರೆ 0.10ಕ್ಕಿಂತ ಕೆಳಗಿಳಿಯದು, ರೂಢಿಯ 0.05ರ ಗೆರೆ ಮುಟ್ಟದು. ನಾಲ್ವರು ಎದುರು ನಾಲ್ವರಾದರೆ ಬಗೆ 70, ಕನಿಷ್ಠ ಪಿ 0.029. ಇನ್ನು ಟಿ-ಟೆಸ್ಟಿನಲ್ಲಿ ಮಧ್ಯಮ ಗಾತ್ರದ ಪರಿಣಾಮವನ್ನು (ಕೋಹೆನ್ ಡಿ 0.5) ಶೇ. 5 ಮಟ್ಟದಲ್ಲಿ, ಶೇ. 80 ಶಕ್ತಿಯಲ್ಲಿ (ಪರಿಣಾಮ ನಿಜವಾಗಿ ಇದ್ದರೆ ನೂರರಲ್ಲಿ ಎಂಬತ್ತು ಸಲ ಕಾಣುವಂತೆ) ಹಿಡಿಯಬೇಕಾದರೆ ಪ್ರತಿ ಗುಂಪಿಗೆ 64 ಮಂದಿ ಬೇಕು, ದೊಡ್ಡ ಪರಿಣಾಮಕ್ಕೆ (0.8) 26. ಅಷ್ಟು ಮಂದಿ ಅನುಭವಿ ವಿನ್ಯಾಸಕಾರರು ಸಿಗಲಿಕ್ಕಿಲ್ಲ. ಸಿಗದಿದ್ದರೆ ಪ್ರಯೋಗದ ಆಸೆ ಬಿಟ್ಟು ನಾಲ್ಕೈದು ಪ್ರಕರಣಗಳನ್ನು ಆಳವಾಗಿ ನೋಡುವುದು ಮೇಲು. ಹತ್ತು ಜನರ ಮೇಲೆ ಪ್ರಶ್ನಾವಳಿ ಕೊಟ್ಟು ಅನೋವಾ ಹಾಕುವುದಕ್ಕಿಂತ ಅದು ಹೆಚ್ಚು ಪ್ರಾಮಾಣಿಕ.

ಸ್ವಂತ ವಿಧಾನವನ್ನೋ ಸಾಫ್ಟ್‌ವೇರನ್ನೋ ರೂಪಿಸುವವರಿಗೆ ಮೌಲ್ಯಮಾಪನವನ್ನು ಮೂರಾಗಿ ಬಿಡಿಸಿ ಕೊಡಿ. ಅದು ತಪ್ಪಿಲ್ಲದೆ, ಪೂರ್ತಿಯಾಗಿ ತಯಾರಾಗಿದೆಯೇ? ಉದ್ದೇಶಿಸಿದವರು ಅದನ್ನು ಬಳಸಬಲ್ಲರೇ, ಬಳಸಿದಾಗ ನಕ್ಷೆಯಲ್ಲಿ ಗುರುತಿಸಿದ ಆ ಒಂದು ಅಂಶ ಬದಲಾಯಿತೇ? ಅದು ಬದಲಾದದ್ದರಿಂದ ಯಶಸ್ಸಿನ ಅಳತೆ ಏರಿತೇ? ಮೊದಲನೆಯದನ್ನು ಮಾಡಿ ಮೂರನೆಯದನ್ನು ಹೇಳಿಕೊಳ್ಳುವುದು ನಮ್ಮ ಪ್ರಬಂಧಗಳ ಹಳೆಯ ಚಾಳಿ.

ಕೊನೆಯ ಎರಡು ವಾರ

ನೈತಿಕತೆಯ ಬಹುಪಾಲು ಕೆಲಸದ ಜೊತೆಗೇ ಆಗಿರುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂಬುದನ್ನು ಗುರಿಯಂತೆ ಓದುವವರಿಗೆ ಒಂದು ಮಾತು ಹೇಳಿ: ಬೇರೆಯವರ ಚಿತ್ರ, ಬೇರೆಯವರ ಬೇಡಿಕೆ ಪಟ್ಟಿ ಕದ್ದರೆ ಸಾಫ್ಟ್‌ವೇರ್ ಹಿಡಿಯದಿರಬಹುದು, ವೈವಾದಲ್ಲಿ ಪರೀಕ್ಷಕರು ಹಿಡಿಯುತ್ತಾರೆ.

ಅಂಕಗಳನ್ನು ಫೈಲಿಗೆ ಕೊಡಿ: ತಾರೀಕು ಸಮೇತ ಬದಲಾದ ಪ್ರತಿಪಾದನೆಯ ವಾಕ್ಯಗಳು, ಆಧಾರ ಗುರುತಿಸಿದ ನಕ್ಷೆ, ಇಪ್ಪತ್ತು ಲೇಖನಗಳ ಕೋಷ್ಟಕ, ಕಪ್ಪಾ ಲೆಕ್ಕ ಇರುವ ಕೋಡ್‌ಬುಕ್, ನಾಲ್ಕು ಪುಟದ ಅಧ್ಯಯನ ಯೋಜನೆ. ಲಿಖಿತ ಪರೀಕ್ಷೆ ಕಡ್ಡಾಯವಾದಲ್ಲಿ ವ್ಯಾಖ್ಯಾನ ಕೇಳಬೇಡಿ. ದೋಷವಿರುವ ಒಂದು ಪುಟದ ಅಧ್ಯಯನ ವಿವರ ಕೊಟ್ಟು ದೋಷ ಹುಡುಕಿ ತಿದ್ದಲು ಹೇಳಿ.

ಈಗಾಗಲೇ ಯಂತ್ರ ಮಾಡಿಕೊಂಡೇ ಬಂದಿರುವ ಸಂಶೋಧನಾರ್ಥಿ ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಹೊಸದಾಗಿ ಶುರುಮಾಡಿ ಎಂದರೆ ಅವರು ಕೋರ್ಸನ್ನೇ ಮನಸ್ಸಿನಿಂದ ಬಿಟ್ಟುಬಿಡುತ್ತಾರೆ. ಅವರಿಗೆ ನಕ್ಷೆಯನ್ನು ಹಿಂದುಮುಂದಾಗಿ ಬರೆಸಿ: ಯಂತ್ರದ ಪ್ರತಿ ಭಾಗದ ಪಕ್ಕ, ಅದನ್ನು ಹಾಗೆ ಮಾಡಲು ಯಾವ ನಂಬಿಕೆ ಕಾರಣವಾಯಿತು ಎಂದು ಬರೆಯಲಿ. ರೋಲರಿನ ಅಂತರ ಎಂಟು ಮಿಲಿಮೀಟರ್ ಏಕೆ? ವೇಗ ಅಷ್ಟೇ ಏಕೆ? ಕೈಯಿಂದ ಹಾಕುವ ಹಾಪರ್ ಏಕೆ, ಬೆಲ್ಟ್ ಏಕಲ್ಲ? ಆ ನಂಬಿಕೆಗಳ ಮೇಲೆ "ಊ", "ಅ", "ಸ್ವಂತ" ಎಂದು ಗುರುತು ಹಾಕಿಸಿ. ಹಳೆಯ ನೋಟ್‌ಬುಕ್, ವರ್ಕ್‌ಶಾಪಿನ ಬಿಲ್, ಕೆಟ್ಟುಹೋದ ಭಾಗಗಳು ಇದ್ದರೆ ತರಿಸಿ. ಬಿಸಾಡಿದ ರೋಲರು ಸಹ ಪುರಾವೆಯೇ. ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತಿರುವ "ಊ" ಒಂದನ್ನು ಆರಿಸಿ, ಯಂತ್ರವನ್ನು ಅದರ ಪರೀಕ್ಷೆಗೆ ಉಪಕರಣವನ್ನಾಗಿ ಬಳಸುವ ಯೋಜನೆ ನಾಲ್ಕು ಪುಟದಲ್ಲಿ ಬರೆಯಲಿ. ಅಂತರವನ್ನು ಬದಲಿಸಬಹುದಾದ ಎರಡು ಬೋಲ್ಟ್ ಹಾಕಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಸಾಗುತ್ತದೆ.